ಹಳೆ ಬಟ್ಟೆಯ ಒಳಮಗ್ಗುಲು ನೋಡಿ ಕೊಳ್ಳಿ

ಕೈಯಲ್ಲಿ ಸಾವಿರ ರೂಪಾಯಿ ಇಟ್ಟುಕೊಂಡು ಚೆಂದದ ಅಂಗಿ ಕೊಳ್ಳಲು ಹೊರಟವರ ಮುಂದೆ ಎರಡು ದಾರಿಗಳಿವೆ. ಅಷ್ಟೇ ದುಡ್ಡಿಗೆ ಎರಡು ಅಗ್ಗದ ಹೊಸ ಅಂಗಿ ತರಬಹುದು. ಇಲ್ಲವೇ ಅದಕ್ಕಿಂತ ಕಡಿಮೆ ಕೊಟ್ಟು, ಹೊಸದಾಗಿದ್ದಾಗ ಎರಡು-ಮೂರು ಸಾವಿರ ಬೆಲೆಯಿದ್ದ ಒಂದು ಸೆಕೆಂಡ್ ಹ್ಯಾಂಡ್ ಅಂಗಿ ತರಬಹುದು. ಹೆಚ್ಚಿನವರು ಯೋಚಿಸದೆ ಮೊದಲನೆಯದಕ್ಕೇ ಕೈ ಹಾಕುತ್ತಾರೆ. ಹೊಸದೆಂದರೆ ಭದ್ರ, ಹಳೆಯದೆಂದರೆ ಅದೃಷ್ಟ ಪರೀಕ್ಷೆ ಎಂಬುದು ಅವರ ಎಣಿಕೆ. ಈ ಎಣಿಕೆ ತಲೆಕೆಳಗಾದದ್ದು ಎಂದು ನಾನು ನಂಬಿದ್ದೇನೆ. ಬಜೆಟ್ ಚಿಕ್ಕದಾದಷ್ಟೂ ಹೊಸ ಬಟ್ಟೆಯೇ ಹೆಚ್ಚು ಅಪಾಯದ ಖರೀದಿ. ಹಳೆಯ ಬಟ್ಟೆ ನೀರು, ಬಿಸಿಲು, ಬೆವರು, ಇಸ್ತ್ರಿ ಎಲ್ಲವನ್ನೂ ದಾಟಿಕೊಂಡು ಬಂದಿರುತ್ತದೆ. ಅದರ ಗುಣವೂ ದೋಷವೂ ಕಣ್ಣೆದುರಿಗೇ ಇರುತ್ತವೆ. ನೋಡುವ ಕ್ರಮ ತಿಳಿದಿದ್ದರೆ, ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಖಾತ್ರಿಯ ಸರಕು ಬೇರೆ ಸಿಗದು.

ಹೊಸ ಬಟ್ಟೆ ಅಂಗಡಿಯಲ್ಲಿ ಇರುವಷ್ಟು ಚೆಂದ ಮತ್ತೆಂದೂ ಇರುವುದಿಲ್ಲ. ಗಿರಣಿಯಿಂದ ಹೊರಡುವ ಮುನ್ನವೇ ಅದಕ್ಕೆ ಗಂಜಿ, ಮೆದುಗೊಳಿಸುವ ರಾಸಾಯನಿಕ, ಬಿಸಿ ರೋಲರಿನ ಒತ್ತು ಎಲ್ಲವೂ ಆಗಿರುತ್ತವೆ. ತೆಳ್ಳನೆಯ ನೇಯ್ಗೆ ಗಂಜಿಯ ಬಲದಿಂದ ದಪ್ಪಗೆ ಕಾಣುತ್ತದೆ, ಒರಟು ನೂಲು ನಯವಾಗಿ ತೋರುತ್ತದೆ. ಕೆಲವು ಒಗೆತ ಕಳೆಯುವುದರೊಳಗೆ ಇದೆಲ್ಲ ನೀರಿನಲ್ಲಿ ಹೋಗಿ, ನಿಜವಾದ ಬಟ್ಟೆ ಉಳಿಯುತ್ತದೆ. ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದು ಎಲ್ಲರೂ ಕಂಡದ್ದೇ. ನೇಯುವಾಗ ಬಿಗಿಯಾಗಿ ಎಳೆದಿದ್ದ ನೂಲು ನೀರು ಬಿದ್ದೊಡನೆ ಸಡಿಲಗೊಂಡು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಇದನ್ನು ತಡೆಯಲು ಬಟ್ಟೆಯನ್ನು ಮೊದಲೇ ಕುಗ್ಗಿಸುವ ಯಂತ್ರವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದ. ಆದರೆ ಅಂಥ ಪ್ರತಿ ಹೆಜ್ಜೆಗೂ ಖರ್ಚಿದೆ, ಅಗ್ಗದ ಸರಕಿನಲ್ಲಿ ಮೊದಲು ಬಿಟ್ಟುಹೋಗುವುದೂ ಇಂಥ ಹೆಜ್ಜೆಗಳೇ. ಟೀ ಶರ್ಟನ್ನು ನೋಡಿ: ಕೆಲವು ಸಲ ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದು ಕೂರುತ್ತದೆ. ನೂಲಿನ ಹುರಿಯಲ್ಲೇ ಇರುವ ಈ ದೋಷ ಅಂಗಡಿಯ ದೀಪದ ಕೆಳಗೆ ಎಷ್ಟು ತಿರುವಿ ನೋಡಿದರೂ ಸಿಕ್ಕದು. ಬಣ್ಣ ಬಿಡುವುದು, ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಂಡೆ ಕಟ್ಟುವುದು, ಕುತ್ತಿಗೆ ಪಟ್ಟಿ ಜೋಲು ಬೀಳುವುದು, ಕಾಲರಿನೊಳಗಿನ ಅಂಟು ಬಿಟ್ಟು ಗುಳ್ಳೆ ಏಳುವುದು, ಎಲ್ಲವೂ ಬಿಲ್ಲು ಕೊಟ್ಟ ಮೇಲೆ ತಿಳಿಯುವ ಸಂಗತಿಗಳು. ಕೊಳ್ಳುವವರು ನಂಬಿಕೆಯ ಮೇಲೆ ದುಡ್ಡು ಕೊಟ್ಟಿರುತ್ತಾರೆ.

ಹಳೆಯ ಅಂಗಿಯಲ್ಲಿ ಇದೆಲ್ಲ ಆಗಿ ಮುಗಿದಿರುತ್ತದೆ. ಕುಗ್ಗಬೇಕಾದಷ್ಟು ಕುಗ್ಗಿ ನಿಂತಿರುತ್ತದೆ. ನಿಮಗೆ ಇಂದು ಸರಿಹೊಂದಿದರೆ ಮುಂದೆಯೂ ಸರಿಹೊಂದುತ್ತದೆ. ಬಿಡಬೇಕಾದ ಬಣ್ಣ ಬಿಟ್ಟಾಗಿರುತ್ತದೆ. ಐವತ್ತು ಸಲ ಒಗೆದರೂ ಹೊಲಿಗೆ ನೆಟ್ಟಗಿದೆ ಎಂದರೆ ಅದನ್ನು ಹೊಲಿದವರ ಕೈ ಒಳ್ಳೆಯದು. ಹಾಗಾಗಿ ಹಳೆ ಬಟ್ಟೆ ಕೊಳ್ಳುವವರು ಬ್ರ್ಯಾಂಡಿನ ಹೆಸರನ್ನು ಕೊನೆಗೆ ನೋಡಬೇಕು, ಬಟ್ಟೆಯನ್ನು ಮೊದಲು ನೋಡಬೇಕು. ಲೇಬಲ್ ಕಿತ್ತು ಇನ್ನೊಂದಕ್ಕೆ ಹೊಲಿಯುವುದು ಎರಡು ನಿಮಿಷದ ಕೆಲಸ. ನೇಯ್ಗೆಯನ್ನು ಬದಲಿಸಲು ಯಾರಿಂದಲೂ ಆಗದು.

ನೋಡುವುದೆಂದರೆ ಹೇಗೆ? ಮೊದಲು ಬಟ್ಟೆಯನ್ನು ಬಿಸಿಲಿಗೆ ಒಯ್ಯಿರಿ. ಬೀದಿ ಅಂಗಡಿಯಲ್ಲಾದರೆ ತಾಡಪಾಲಿನ ನೆರಳಿನಿಂದ ಎರಡು ಹೆಜ್ಜೆ ಆಚೆ ಬಂದರೆ ಸಾಕು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಅಡ್ಡಲಾಗಿ ಎತ್ತಿದರೆ ಸವೆದ ಕಡೆ ಬೆಳಕು ಹೆಚ್ಚು ತೂರಿ ಬರುತ್ತದೆ. ಅಂಗಿಯಲ್ಲಿ ಕಾಲರಿನ ಮಡಿಕೆ, ತೋಳಿನ ಪಟ್ಟಿಯ ಅಂಚು, ಮೊಣಕೈ. ಪ್ಯಾಂಟಿನಲ್ಲಿ ತೊಡೆಯ ಒಳಭಾಗ, ಕೂರುವ ಜಾಗ, ಕಾಲಿನ ಅಂಚು. ಕುರ್ತಾ, ರವಿಕೆಗಳಲ್ಲಿ ಕಂಕುಳು. ಇವು ಮೊದಲು ಸೋಲುವ ಜಾಗಗಳು. ಆಮೇಲೆ ಒಳಮಗ್ಗುಲು ತಿರುವಿ. ಹೊರಗೆ ಕಾಣದ ಬೆವರಿನ ಹಳದಿ ಕರೆ ಒಳಗೆ ಕಾಣುತ್ತದೆ, ಬಣ್ಣ ಎಷ್ಟು ಮಾಸಿದೆ ಎಂಬುದು ಒಳಹೊಲಿಗೆಯ ಸಂದಿನಲ್ಲಿ ಉಳಿದಿರುವ ಮೂಲ ಬಣ್ಣದ ಜತೆ ಹೋಲಿಸಿದರೆ ಗೊತ್ತಾಗುತ್ತದೆ. ಚೆಕ್ಸ್ ಅಂಗಿಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಸರಿಯಾಗಿ ಕೂತಿದೆಯೇ ನೋಡಿ. ಹಾಗೆ ಕೂರಿಸಲು ಬಟ್ಟೆ ಹೆಚ್ಚು ಬೇಕು, ಸಮಯವೂ ಬೇಕು. ಅದನ್ನು ಮಾಡಿದವರು ಉಳಿದ ಕಡೆಯೂ ಕೈ ಬಿಗಿ ಹಿಡಿದಿರುವುದಿಲ್ಲ. ಕೊನೆಗೆ ಮೂಗಿಗೆ ಹಿಡಿಯಿರಿ. ಪೆಟ್ಟಿಗೆಯಲ್ಲಿಟ್ಟ ವಾಸನೆ, ನುಸಿಗುಳಿಗೆಯ ವಾಸನೆ ಬಿಸಿಲು ಗಾಳಿಗೆ ಹೋಗುತ್ತವೆ. ಬೂಷ್ಟಿನ ವಾಸನೆ ಬೇರೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಹತ್ತಿಯ ಮೇಲೆ ಕರಿಚುಕ್ಕೆ ಕೂತಿದ್ದರೆ ಅದು ಹೋಗುವ ಆಸೆ ಬೇಡ.

ಯಾವ ನಾರು ಎಂಬುದೂ ಇಲ್ಲಿ ಮುಖ್ಯ. ಹಳೆಯದಾದಷ್ಟೂ ಹತ್ತಿ ಮತ್ತು ಲಿನನ್ ಮೆದುವಾಗುತ್ತವೆ, ಉಣ್ಣೆ ನುಸಿ ಹೊಡೆಯದಿದ್ದರೆ ದಶಕಗಳು ಬಾಳುತ್ತದೆ. ಪಾಲಿಯೆಸ್ಟರ್ ಬೇಗ ಹರಿಯುವುದಿಲ್ಲ ನಿಜ, ಆದರೆ ಮೈಯ ಎಣ್ಣೆಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಪಾಲಿಯೆಸ್ಟರ್ ಅಂಗಿ ಒಗೆದಾಗ ಶುಚಿಯಾಗಿ ತೋರಿ, ಮೈಬಿಸಿ ತಾಗಿದೊಡನೆ ಮತ್ತೆ ನಾರುವುದು ಇದಕ್ಕೇ. ಹತ್ತಿ-ಪಾಲಿಯೆಸ್ಟರ್ ಬೆರಕೆಯಲ್ಲಿ ಉಂಡೆ ಕಟ್ಟಿದರೆ ಗಟ್ಟಿ ಪಾಲಿಯೆಸ್ಟರ್ ಎಳೆ ಅವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಹಿಗ್ಗುವ ಜೀನ್ಸನ್ನು ಮೊಣಕಾಲಿನ ಹತ್ತಿರ ಎಳೆದು ಬಿಡಿ. ತಟ್ಟನೆ ಹಿಂದಕ್ಕೆ ಬಾರದಿದ್ದರೆ ಒಳಗಿನ ಇಲಾಸ್ಟಿಕ್ ಎಳೆ ಸತ್ತಿದೆ ಎಂದರ್ಥ, ಅದನ್ನು ಬದುಕಿಸುವ ಉಪಾಯ ಯಾವ ಟೈಲರ್ ಬಳಿಯೂ ಇಲ್ಲ. ಚರ್ಮದಂತೆ ತೋರುವ ರೆಕ್ಸಿನ್ ಜಾಕೆಟ್, ಬ್ಯಾಗುಗಳನ್ನಂತೂ ಹಳೆಯದಾಗಿ ಕೊಳ್ಳಲೇಬೇಡಿ. ಅವುಗಳ ಮೇಲಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೇ ಒಡೆಯುತ್ತಾ ಹೋಗುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ಕೆಲವು ವರ್ಷಕ್ಕೆ ಸಿಪ್ಪೆ ಸುಲಿಯುತ್ತದೆ. ಲೇಬಲ್ ಇಲ್ಲದ ಬಟ್ಟೆಯಾದರೆ, ಕೊಂಡ ಮೇಲೆ ಒಳಹೊಲಿಗೆಯಿಂದ ಒಂದೆಳೆ ತೆಗೆದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟಂತೆ ವಾಸನೆ ಬಂದು ಹಗುರ ಬೂದಿಯಾಗುತ್ತದೆ; ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುವ ಕರಿ ಉಳಿಸುತ್ತವೆ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಾಳಿಕೆಯ ಮಾತಾಯಿತು, ಚೆಂದದ ಮಾತೇನು ಎಂದು ಕೇಳಬಹುದು. ಒಬ್ಬರು ಚೆನ್ನಾಗಿ ಉಟ್ಟಿದ್ದಾರೆ ಎಂದು ನಮಗೆ ಅನ್ನಿಸುವಾಗ ಕಣ್ಣು ಮೊದಲು ಹಿಡಿಯುವುದು ಬಟ್ಟೆ ಮೈಗೆ ಕೂತ ರೀತಿಯನ್ನು. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ನಿಂತಿದ್ದರೆ, ಪ್ಯಾಂಟಿನ ಉದ್ದ ಸರಿಯಿದ್ದರೆ, ಸಾಧಾರಣ ಬಟ್ಟೆಯೂ ಎದ್ದು ಕಾಣುತ್ತದೆ. ರೆಡಿಮೇಡ್ ಬಟ್ಟೆಯನ್ನು ಯಾರದೋ ಸರಾಸರಿ ಅಳತೆಗೆ ಹೊಲಿದಿರುತ್ತಾರೆ. ಹೊಸದಕ್ಕೆ ಇದ್ದಬದ್ದ ದುಡ್ಡೆಲ್ಲ ಕೊಟ್ಟವರ ಬಳಿ ಅದನ್ನು ತಿದ್ದಿಸಿಕೊಳ್ಳಲು ಉಳಿದಿರುವುದಿಲ್ಲ. ಹಳೆಯದಕ್ಕೆ ಕಡಿಮೆ ಕೊಟ್ಟರೆ ಉಳಿದ ದುಡ್ಡು ಟೈಲರಿಗೆ ಹೋಗಬಹುದು, ಹೋಗಬೇಕು. ನಮ್ಮ ಊರುಗಳ ದೊಡ್ಡ ಅನುಕೂಲವೇ ಇದು: ಆಲ್ಟರೇಷನ್ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ, ಕೂಲಿಯೂ ಕೈಗೆಟುಕುವಷ್ಟಿರುತ್ತದೆ. ನಿಮ್ಮ ಬಜೆಟ್ಟಿನ ಮೂರನೆಯ ಒಂದು ಪಾಲನ್ನು ಮೊದಲೇ ಈ ಕೂಲಿಗೆಂದು ತೆಗೆದಿಟ್ಟು ಆಮೇಲೆ ಖರೀದಿಗೆ ಹೊರಡುವುದು ಒಳ್ಳೆಯದು.

ಆದರೆ ಏನನ್ನು ತಿದ್ದಬಹುದು, ಏನನ್ನು ತಿದ್ದಲಾಗದು ಎಂಬುದು ಕೊಳ್ಳುವಾಗಲೇ ತಿಳಿದಿರಬೇಕು. ಪಕ್ಕಗಳನ್ನು ಹಿಡಿಸುವುದು, ಉದ್ದ ಕಡಿಮೆ ಮಾಡುವುದು, ತೋಳು ಕಿರಿದು ಮಾಡುವುದು, ಗುಂಡಿ-ಜಿಪ್ ಬದಲಿಸುವುದು ಸುಲಭ. ಭುಜ ಅಗಲವಾದ ಕೋಟನ್ನು ಚಿಕ್ಕದು ಮಾಡಲು ತೋಳು ಬಿಚ್ಚಿ ಮತ್ತೆ ಕೂರಿಸಬೇಕು. ಅದಕ್ಕೆ ಬೀಳುವ ಕೂಲಿ ಕೋಟಿನ ಬೆಲೆಯನ್ನೇ ಮೀರಬಹುದು. ಬಿಗಿಯಾದದ್ದನ್ನು ಸಡಿಲ ಮಾಡುವುದು ಒಳಗೆ ಬಟ್ಟೆ ಉಳಿದಿದ್ದರೆ ಮಾತ್ರ ಸಾಧ್ಯ. ಗಂಡಸರ ಫಾರ್ಮಲ್ ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯಲ್ಲಿ ಸಾಮಾನ್ಯವಾಗಿ ಸೊಂಟ ಒಂದಿಂಚಿನಷ್ಟು ಬಿಡಿಸುವಷ್ಟು ಬಟ್ಟೆ ಬಿಟ್ಟಿರುತ್ತಾರೆ, ಜೀನ್ಸಿನಲ್ಲಿ ಬಿಟ್ಟಿರುವುದಿಲ್ಲ. ಮಡಿಚಿದ ಅಂಚು ಬಿಚ್ಚಿ ಉದ್ದ ಮಾಡಿದರೆ ಹಳೆಯ ಮಡಿಕೆಯ ಗೆರೆ, ಅದರ ಎರಡು ಕಡೆಯ ಬಣ್ಣದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಹಾಗಾಗಿ ಅನುಮಾನ ಬಂದಾಗ ಒಂದಳತೆ ದೊಡ್ಡದನ್ನೇ ಆರಿಸಿ, ಭುಜ ಮಾತ್ರ ಸರಿಯಿರಲಿ.

ಸೀರೆಯ ವಿಷಯಕ್ಕೆ ಬಂದರೆ ಹಳೆಯದರ ಮೇಲುಗೈ ಇನ್ನೂ ಸ್ಪಷ್ಟ. ಅಳತೆಯ ತೊಡಕೇ ಇಲ್ಲ. ಯಾರು ಉಟ್ಟಿದ್ದ ಸೀರೆಯನ್ನೂ ಯಾರು ಬೇಕಾದರೂ ಉಡಬಹುದು. ಕಡಿಮೆ ದುಡ್ಡಿನಲ್ಲಿ ಮದುವೆಮನೆಗೆ ಹೋಗುವಂಥ ಸೀರೆ ಬೇಕೆಂದರೆ ಹೊಸ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಒಡಲು, ಪ್ಲಾಸ್ಟಿಕ್ ಜರಿ. ಹಳೆಯದರಲ್ಲಿ ಅಪ್ಪಟ ರೇಷ್ಮೆಯೇ ಸಿಗಬಹುದು. ಮೈಸೂರು ಸಿಲ್ಕ್ ತೆಗೆದುಕೊಳ್ಳಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ನೇಯ್ಗೆಯ ಕಾರ್ಖಾನೆಯನ್ನು ಇಂದು ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇದೆ ಎಂದು ಹೇಳಿಕೊಳ್ಳುತ್ತದೆ. ಈ ಬೆಳ್ಳಿಯೇ ಹಳೆ ಸೀರೆಗಳಿಗೆ ಮುಳುವಾಗಿದೆ. 'ಹಳೆ ಜರಿ ಸೀರೆ ಕೊಳ್ಳುತ್ತೇವೆ' ಎಂಬ ಬೋರ್ಡು ಬೆಂಗಳೂರಿನ ಹಳೆಪೇಟೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ಕಾಣಸಿಗುತ್ತದೆ. ಅಲ್ಲಿಗೆ ಹೋದ ಸೀರೆಯ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಒಡಲು ಗಟ್ಟಿಯಾಗಿರುವ, ಇನ್ನೂ ಹತ್ತಾರು ಮದುವೆ ಕಾಣಬಲ್ಲ ಸೀರೆಯೂ ಅಲ್ಲಿ ಬೂದಿಯಾಗುತ್ತದೆ. ಇದು ನೋವಿನ ಸಂಗತಿ, ಕೊಳ್ಳುವವರಿಗೆ ಲೆಕ್ಕಾಚಾರದ ಸಂಗತಿಯೂ ಹೌದು. ಮಾರುವ ಮನೆಯವರಿಗೆ ಜರಿಯಂಗಡಿ ಕೊಡುವುದು ಲೋಹದ ಬೆಲೆ ಮಾತ್ರ. ರೇಷ್ಮೆಗೆ, ನೇಯ್ಗೆಗೆ ಅಲ್ಲಿ ಬೆಲೆಯಿಲ್ಲ. ಆ ಮೊತ್ತಕ್ಕಿಂತ ಮೇಲೆ, ಹೊಸ ಸೀರೆಯ ಬೆಲೆಗಿಂತ ಬಹಳ ಕೆಳಗೆ ಒಂದು ಬೆಲೆ ಕಟ್ಟಿದರೆ ಇಬ್ಬರಿಗೂ ಲಾಭ. ಪರಿಚಯದವರ ಬಳಗದಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಕೋಚ ಬಿಟ್ಟು ಕೇಳಿದರೆ ಇಂಥ ಸೀರೆ ಸಿಗುವ ಸಾಧ್ಯತೆ ಅಂಗಡಿಯಲ್ಲಿ ಸಿಗುವುದಕ್ಕಿಂತ ಹೆಚ್ಚು.

ಹಳೆ ರೇಷ್ಮೆಸೀರೆ ಸೋಲುವುದು ಮಡಿಕೆಯ ಗೆರೆಗಳಲ್ಲಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆಯ ನೂಲು ಅಲ್ಲಿ ಒಡೆದಿರುತ್ತದೆ. ಪೂರ್ತಿ ಬಿಡಿಸಿ, ಗೆರೆಯ ಎರಡು ಪಕ್ಕ ಬೆರಳಿಟ್ಟು ಮೆಲ್ಲಗೆ ಎಳೆದು ನೋಡಿ. ಒಂದು ಕಡೆ ಪಿಸಿದರೆ ಉಳಿದ ಮಡಿಕೆಗಳೂ ಹೆಚ್ಚು ದಿನ ತಡೆಯುವುದಿಲ್ಲ, ಆ ಸೀರೆಯನ್ನು ಉಡಲು ಕೊಳ್ಳಬೇಡಿ. ಅಂಚು ಸೆರಗು ಚೆನ್ನಾಗಿದ್ದರೆ ರವಿಕೆಗೋ ಲಂಗಕ್ಕೋ ಆದೀತು, ಬೆಲೆ ಆ ಲೆಕ್ಕದಲ್ಲಿರಲಿ. ಆಮೇಲೆ ಕೆಳಗಿನ ಅಂಚು ತಿರುವಿ ಫಾಲ್ ನೋಡಿ. ಫಾಲ್ ಸವೆದು ಅಂಚು ಉಳಿದಿದ್ದರೆ ಒಳ್ಳೆಯ ಲಕ್ಷಣ, ಫಾಲ್ ಬದಲಿಸುವುದು ದೊಡ್ಡ ಖರ್ಚಲ್ಲ. ಜರಿಯ ಬಿಡಿ ಎಳೆ ಎಲ್ಲಾದರೂ ಸಿಕ್ಕರೆ ಉಗುರಿನಿಂದ ಬಿಡಿಸಿ: ಲೋಹದ ಜರಿಯಾದರೆ ನೂಲಿಗೆ ಸುತ್ತಿದ ಸಣ್ಣ ತಂತಿ ಬಿಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್ಕಾದರೆ ಹೊಳಪಿನ ಹಾಳೆಯಂತೆ ಸುಲಿಯುತ್ತದೆ, ಉರಿ ತಾಗಿದರೆ ಕರಗುತ್ತದೆ. ಬೆಳ್ಳಿ ಜರಿ ಕಪ್ಪಿಟ್ಟಿರುವುದು ದೋಷವಲ್ಲ, ಅದು ಬೆಳ್ಳಿಯ ಗುಣ. ಹೊಳಪು ಕುಂದಿದ ಹಳೆಯ ಜರಿಯ ತಣ್ಣನೆ ಮೆರುಗೇ ಅನೇಕರ ಕಣ್ಣಿಗೆ ಹೊಸ ಜರಿಯ ಥಳಕಿಗಿಂತ ಹಿತ.

ಇಳಕಲ್ ಸೀರೆಯಲ್ಲಿ ನೋಡಬೇಕಾದ ಜಾಗ ಬೇರೆ. ಅಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಒಡಲು ಹತ್ತಿಯದಿದ್ದು ಸೆರಗು ಕೆಂಪು ರೇಷ್ಮೆಯದಾಗಿರುವ ಹಳೆಯ ಸೀರೆ ಕೈಗೆ ಬಂದರೆ ಈ ಕೊಂಡಿಯ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಸಾಲು ಗಟ್ಟಿಯಾಗಿದ್ದರೆ ಸೀರೆ ಇನ್ನೂ ಬಾಳುತ್ತದೆ. ಕೆಂಪು ಸೆರಗಿನ ಬಣ್ಣ ಒಡಲಿಗೆ ಇಳಿದಿದ್ದರೆ ಅದೂ ಅಲ್ಲೇ ಕಾಣುತ್ತದೆ. ಕಸೂತಿ ಇದ್ದರೆ ಹಿಂಬದಿ ತಿರುವಿ. ಕೈಯಿಂದ ಹಾಕಿದ ಗವಂತಿ, ಮುರಗಿ ಹೊಲಿಗೆಗಳು ಮುಂದೆ ಇದ್ದಂತೆಯೇ ಹಿಂದೆಯೂ ಇರುತ್ತವೆ, ಗಂಟು ಕಾಣುವುದಿಲ್ಲ. ಯಂತ್ರದ ಕಸೂತಿಯ ಹಿಂದೆ ಬೇರೆ ಬಣ್ಣದ, ಹೆಚ್ಚಾಗಿ ಬಿಳಿಯ, ಬಾಬಿನ್ ದಾರ ಒತ್ತೊತ್ತಾಗಿ ಕೂತಿರುತ್ತದೆ. ತಿಂಗಳುಗಟ್ಟಲೆ ಯಾರೋ ಕೂತು ಎಣಿಸಿ ಹಾಕಿದ ಕಸೂತಿಗೆ ಹೊಸದರಲ್ಲಿ ಆಗುವ ಬೆಲೆ ಬಹಳ ಮಂದಿಯ ಕೈಮೀರಿದ್ದು. ಹಳೆಯ ಸೀರೆಯಲ್ಲಾದರೆ ಗುರುತು ಹಿಡಿಯದ ಮಾರಾಟಗಾರರು ಅದನ್ನು ಸಾದಾ ಸೀರೆಗಳ ಜತೆಗೇ ಮಡಿಸಿಟ್ಟಿರುವುದುಂಟು.

ಇನ್ನು ಎಲ್ಲಿ ಕೊಳ್ಳುವುದು. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಗುಜರಿ ಬಜಾರು, ಊರೂರಿನ ವಾರದ ಸಂತೆಯ ಬಟ್ಟೆರಾಶಿ, ಆನ್‌ಲೈನಿನ ಪ್ರೀ-ಲವ್ಡ್ ಪುಟಗಳು, ಇನ್‌ಸ್ಟಾಗ್ರಾಮಿನ ಥ್ರಿಫ್ಟ್ ಅಂಗಡಿಗಳು, ಎಲ್ಲವೂ ಇವೆ. ಇವುಗಳ ಜತೆ ಜನ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಅನ್ನೂ ಸೇರಿಸಿಕೊಳ್ಳುತ್ತಾರೆ. ಪೀಣ್ಯ, ಬೊಮ್ಮಸಂದ್ರದ ಕಡೆ ಗಾರ್ಮೆಂಟ್ ಕಾರ್ಖಾನೆಗಳಿರುವ ಬೆಂಗಳೂರಿನಲ್ಲಿ ಇದು ದೊಡ್ಡ ವ್ಯಾಪಾರ. ದೆಹಲಿಯ ಸರೋಜಿನಿ ನಗರವೂ ಇದಕ್ಕೇ ಹೆಸರುವಾಸಿ. ಆದರೆ ಅದು ಉಟ್ಟ ಬಟ್ಟೆಯಲ್ಲ, ಆರ್ಡರಿಗಿಂತ ಹೆಚ್ಚಾದದ್ದು ಅಥವಾ ತಪಾಸಣೆಯಲ್ಲಿ ತಿರಸ್ಕೃತವಾದದ್ದು. ಅಂದರೆ ಒಗೆತದ ಪರೀಕ್ಷೆ ಅದಕ್ಕೂ ಆಗಿಲ್ಲ. ಅಲ್ಲಿ ಕೊಂಡರೆ ಎರಡು ತೋಳಿನ ಬಣ್ಣದ ವ್ಯತ್ಯಾಸ, ತಪ್ಪಿದ ಹೊಲಿಗೆ, ಯಂತ್ರದೆಣ್ಣೆಯ ಕರೆ ಹುಡುಕಿ, ತಿರಸ್ಕಾರಕ್ಕೆ ಕಾರಣ ಏನೆಂದು ಕಂಡುಕೊಂಡ ಮೇಲೆಯೇ ದುಡ್ಡು ಕೊಡಿ. ಕಾರಣ ಸಿಗದಿದ್ದರೆ ಅದು ಹೆಚ್ಚುವರಿ ಮಾಲಿರಬಹುದು, ಒಳ್ಳೆಯದೇ. 'ಇಂಪೋರ್ಟೆಡ್' ಎಂಬ ಮಾತಿಗೂ ಹೆಚ್ಚು ದುಡ್ಡು ಕೊಡಬೇಕಿಲ್ಲ. ಉಡಲು ಯೋಗ್ಯವಾದ ಹಳೆ ಬಟ್ಟೆಯ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ. ಕಾಂಡ್ಲಾದ ವಿಶೇಷ ಆರ್ಥಿಕ ವಲಯಕ್ಕೆ ಬಂದದ್ದರಲ್ಲಿ ಬಹುಪಾಲು ವಿಂಗಡಣೆಯಾಗಿ ಮತ್ತೆ ಹೊರದೇಶಕ್ಕೆ ಹೋಗುತ್ತದೆ, ಕತ್ತರಿಸಿದ ಚಿಂದಿ ಪಾಣಿಪತ್ತಿನಲ್ಲಿ ನೂಲಾಗಿ ಕಂಬಳಿಯಾಗುತ್ತದೆ.

ಆನ್‌ಲೈನಿನಲ್ಲಿ ಕೈಯಿಂದ ಮುಟ್ಟಿ ನೋಡುವ ಅವಕಾಶವಿಲ್ಲ, ಆದ್ದರಿಂದ ಕೇಳಿ ತಿಳಿಯಬೇಕು. 'ಎಂ', 'ಎಲ್' ಎಂಬ ಅಕ್ಷರ ನಂಬಬೇಡಿ. ಒಂದೊಂದು ಕಂಪನಿಗೆ ಒಂದೊಂದು ಅಳತೆ, ಪ್ಯಾಂಟಿನ ಮೇಲೆ 32 ಎಂದಿದ್ದರೂ ಟೇಪು ಹಿಡಿದರೆ 34 ಬರುವುದುಂಟು. ನಿಮಗೆ ಚೆನ್ನಾಗಿ ಕೂರುವ ಒಂದು ಅಂಗಿಯನ್ನು ನೆಲದ ಮೇಲೆ ಹಾಸಿ ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಕುತ್ತಿಗೆಯಿಂದ ಕೆಳಅಂಚಿಗೆ ಅಳೆದು ಬರೆದಿಟ್ಟುಕೊಳ್ಳಿ. ಮಾರುವವರಿಂದ ಅದೇ ಮೂರು ಅಳತೆ ಕೇಳಿ. ಕಂಕುಳು, ಕಾಲರು, ಒಳಹೊಲಿಗೆಯ ಫೋಟೊವನ್ನು ಹಗಲುಬೆಳಕಿನಲ್ಲಿ ತೆಗೆದು ಕಳಿಸಲು ಹೇಳಿ. ಕಳಿಸಲು ಹಿಂಜರಿಯುವವರಲ್ಲಿ ಕೊಳ್ಳಬೇಡಿ. ಲಂಡನ್ನಿಗೋ ಬಾಸ್ಟನ್ನಿಗೋ ಓದಲು ಹೊರಟ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು: ಇಲ್ಲಿಂದ ಚಳಿಗಾಲದ ಕೋಟು ಹೊತ್ತು ಹೋಗಬೇಡಿ. ಬ್ರಿಟನ್ನಿನ ಪೇಟೆಬೀದಿಗಳಲ್ಲಿ ಆಕ್ಸ್‌ಫ್ಯಾಮಿನಂಥ ಸಂಸ್ಥೆಗಳ ಚಾರಿಟಿ ಅಂಗಡಿಗಳಿವೆ. ಅಮೆರಿಕದಲ್ಲಿ 1902ರಲ್ಲಿ ಬಾಸ್ಟನ್ನಿನಲ್ಲೇ ಹುಟ್ಟಿದ ಗುಡ್‌ವಿಲ್ ಇದೆ. ಅಪ್ಪಟ ಉಣ್ಣೆಯ ಕೋಟು ಅಲ್ಲಿ ಹೊಸದರ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ. ನುಸಿ ಕೊರೆದ ತೂತು, ಒಳಪದರ, ಜಿಪ್, ಇಷ್ಟು ನೋಡಿದರೆ ಆಯಿತು.

ಆಕ್ಷೇಪಗಳಲ್ಲಿ ಮೊದಲನೆಯದು ಶುಚಿತ್ವದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಒಳಉಡುಪು, ಕಾಲುಚೀಲ, ಈಜುಡುಗೆ, ಚಪ್ಪಲಿ-ಶೂಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಾರದು ಎಂಬಲ್ಲಿ ನನಗೂ ಎರಡು ಮಾತಿಲ್ಲ. ಉಳಿದವಕ್ಕೆ ಉಪಾಯ ಸರಳ. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕದು. ತಿಗಣೆ ಬಹಳ ದಿನ ಬದುಕುತ್ತದೆ, ಆದರೆ ಬಿಸಿಗೆ ಸಾಯುತ್ತದೆ. ತಂದ ಬಟ್ಟೆಯನ್ನು ಬೀರುವಿಗೆ ಸೇರಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟು, ಹತ್ತಿಯದಾದರೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದು, ಸುಡುಬಿಸಿಲಿಗೆ ಒಳಮಗ್ಗುಲು ಮೇಲಾಗಿ ಒಣಹಾಕಿ, ಬಿಸಿ ಇಸ್ತ್ರಿ ಮಾಡಿದರೆ ಹುಳುಕಡ್ಡಿಯ ಭಯವೂ ಇರದು. ರೇಷ್ಮೆ, ಉಣ್ಣೆಗೆ ಡ್ರೈಕ್ಲೀನಿಂಗ್ ಆಗಲಿ. ಹೊಸ ಬಟ್ಟೆ ಶುಚಿ ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಟ್ರಯಲ್ ರೂಮಿನಲ್ಲಿ ಎಷ್ಟು ಮೈಗೆ ಏರಿ ಇಳಿದಿದೆಯೋ ಗೊತ್ತಿಲ್ಲ. ಸುಕ್ಕು ಬೀಳದಂತೆ ಮಾಡಲು ಹಾಕುವ ಫಾರ್ಮಾಲ್ಡಿಹೈಡ್ ರಾಳ, ಕೆಲವು ಬಣ್ಣಗಳು ಸೂಕ್ಷ್ಮ ಚರ್ಮದವರಿಗೆ ತುರಿಕೆ ತರುತ್ತವೆ. ಹಲವು ಸಲ ಒಗೆದ ಬಟ್ಟೆಯಲ್ಲಿ ಇವುಗಳ ಶೇಷ ಕಡಿಮೆ.

ಎರಡನೆಯ ಆಕ್ಷೇಪ ಆಳವಾದದ್ದು. ಬೇರೆಯವರು ಉಟ್ಟು ಬಿಟ್ಟದ್ದನ್ನು ಉಡುವುದು ಮೈಲಿಗೆ, ಅಪಶಕುನ, ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿದೆ. ಇದನ್ನು ವಾದದಿಂದ ಗೆಲ್ಲಲಾಗದು, ಆದರೆ ನಮ್ಮದೇ ಮನೆಗಳ ರೂಢಿಯನ್ನು ಮುಂದಿಡಬಹುದು. ಹುಟ್ಟಿದ ಕೂಸನ್ನು ಸುತ್ತಲು ನಾವು ಹುಡುಕುವುದು ಹೊಸ ಬಟ್ಟೆಯನ್ನಲ್ಲ, ಮನೆಯಲ್ಲಿರುವ ಅತಿ ಹಳೆಯ, ಒಗೆದು ಒಗೆದು ಮೆದುವಾದ ಹತ್ತಿ ಸೀರೆಯನ್ನು. ಉತ್ತರ ಕರ್ನಾಟಕದ ಕೌದಿಯ ತುಂಬ ಇರುವುದು ಉಟ್ಟು ಹಳತಾದ ಸೀರೆ, ಧೋತರದ ತುಂಡುಗಳೇ. ಅದು ನಮ್ಮ ಮನೆಯವರದು, ಇದು ಅಪರಿಚಿತರದು ಎನ್ನುವುದು ನ್ಯಾಯವಾದ ಮರುಮಾತು. ಹಾಗೆ ಅನ್ನಿಸುವವರು ನೆಂಟರಿಷ್ಟರ ನಡುವಿನ ಕೊಡುಕೊಳ್ಳುವಿಕೆಯಿಂದಲೇ ತೊಡಗಲಿ. ಬಡತನದ ಗುರುತು ಎಂಬ ಮಾತಿಗೆ ಮಾತ್ರ ಪುರಾವೆಯೇ ಎದುರಿದೆ. ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ದೆಹಲಿಯ ಹಳೆ ಬಟ್ಟೆ ವ್ಯಾಪಾರದ ಬಗ್ಗೆ 2010ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸರಪಳಿಯನ್ನು ಬಿಡಿಸಿ ತೋರಿಸಿದ್ದಾರೆ: ವಾಘ್ರಿ ಸಮುದಾಯದ ಹೆಂಗಸರು ಸ್ಟೀಲ್ ಪಾತ್ರೆ ಕೊಟ್ಟು ಮಧ್ಯಮವರ್ಗದ ಮನೆಗಳಿಂದ ಹಳೆ ಸೀರೆ ಪಡೆಯುತ್ತಾರೆ, ಅವು ರಘುಬೀರ್ ನಗರದ ಮಂಡಿಯಲ್ಲಿ ಕೈಬದಲಾಗಿ, ಕತ್ತರಿ ಬಿದ್ದು, ಪ್ರವಾಸಿಗರಿಗೂ ಹೊರದೇಶದವರಿಗೂ ಫ್ಯಾಷನ್ ಉಡುಪಾಗಿ ಮಾರಾಟವಾಗುತ್ತವೆ. ಒಂದು ಪಾತ್ರೆಗೆ ನಾವು ಕೊಟ್ಟದ್ದನ್ನೇ ಬೇರೆಯವರು ಬೆಲೆ ಕೊಟ್ಟು, ಮೆಚ್ಚಿ ಉಡುತ್ತಿದ್ದಾರೆ.

ಅಗ್ಗ ಎಂದು ಬೇಡದ್ದನ್ನೆಲ್ಲ ತಂದು ತುಂಬಿಸಿಕೊಳ್ಳುತ್ತೇವೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. 150 ರೂಪಾಯಿಯ ಅಂಗಿಯನ್ನು ಎರಡು ಸಲ ಹಾಕಿ ಮೂಲೆಗೆ ಎಸೆದರೆ ಒಂದು ಸಲಕ್ಕೆ 75 ರೂಪಾಯಿ ಬಿತ್ತು. 400ಕ್ಕೆ ಕೊಂಡು 200 ಕೊಟ್ಟು ಫಿಟ್ಟಿಂಗ್ ಮಾಡಿಸಿದ್ದನ್ನು ನೂರು ಸಲ ಹಾಕಿದರೆ ಒಂದು ಸಲಕ್ಕೆ 6 ರೂಪಾಯಿ. ಮನೆಯಲ್ಲಿ ಈಗಾಗಲೇ ಇರುವ ಎರಡು ಬಟ್ಟೆಗಳ ಜತೆ ಹೊಂದದ ಬಣ್ಣ ಎಷ್ಟೇ ಮುದ್ದಾಗಿದ್ದರೂ ಬಿಟ್ಟು ಬನ್ನಿ. ಏನು ಬೇಕೆಂದು ಬರೆದುಕೊಂಡು ಹೋಗಿ, ಅದು ಸಿಗದ ದಿನ ಬರಿಗೈಲಿ ಮರಳಿ. ಹೊಸ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಇಲ್ಲಿ ಹಲವು ವಾರ ಹಿಡಿಯಬಹುದು. ನಾಳೆಯೇ ಬೇಕಾದ ಬಟ್ಟೆಗೆ ಈ ದಾರಿ ಆಗದು.

ಉಳ್ಳವರು ಬಂದು ಕೊಂಡರೆ ಇಲ್ಲದವರ ಸಂತೆಯಲ್ಲಿ ಬೆಲೆ ಏರುವುದಿಲ್ಲವೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಏರಬಹುದು. ಸಂತೆಯ ರಾಶಿಯಲ್ಲಿ ಮಕ್ಕಳ ಸ್ವೆಟರ್, ಶಾಲೆಯ ಸಮವಸ್ತ್ರ, ಕೂಲಿ ಕೆಲಸಕ್ಕೆ ಹಾಕುವ ಗಟ್ಟಿ ಪ್ಯಾಂಟುಗಳಿಗಾಗಿ ಕಾಯುವವರಿದ್ದಾರೆ. ಹೊಸದು ಕೊಳ್ಳಬಲ್ಲವರು ಅವಕ್ಕೆ ಕೈ ಹಾಕುವುದು ತರವಲ್ಲ. ಲಿನನ್ ಅಂಗಿ, ರೇಷ್ಮೆ ಸೀರೆ, ಕೋಟುಗಳಿಗೆ ಅಲ್ಲಿ ಗಿರಾಕಿ ಕಡಿಮೆ, ಅವನ್ನು ಕೊಂಡರೆ ಮಾರುವವರಿಗೂ ಅನುಕೂಲ. ಚೌಕಾಶಿಯೂ ಹದವಾಗಿರಲಿ. ಬೆಳಗಿನ ಜಾವಕ್ಕೆ ಮಂಡಿಗೆ ಹೋಗಿ, ಮೂಟೆ ಹೊತ್ತು, ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ತಂದವರ ದಿನಗೂಲಿ ನೀವು ಇಳಿಸಲು ಹೊರಟ ಇಪ್ಪತ್ತು ಮೂವತ್ತು ರೂಪಾಯಿಯಲ್ಲೇ ಇರುತ್ತದೆ.

ಮೊದಲ ಸಲ ಕೊಳ್ಳುವವರು ಹತ್ತಿಯ ಅಂಗಿ ಅಥವಾ ಕೈಮಗ್ಗದ ಕುರ್ತಾದಿಂದ ತೊಡಗಿ. ಒಗೆಯಲು ಸುಲಭ, ತಿದ್ದಲು ಸುಲಭ, ಕೈತಪ್ಪಿದರೂ ನಷ್ಟ ಸಣ್ಣದು. ಜೀನ್ಸ್ ಎರಡನೆಯದಾಗಲಿ, ರೇಷ್ಮೆ ಮತ್ತು ಕೋಟು ಕಣ್ಣು ಪಳಗಿದ ಮೇಲೆ. ಯುಗಾದಿ, ದಸರಾ, ದೀಪಾವಳಿಗೆ ಮುಂಚೆ ಮನೆಗಳಲ್ಲಿ ಬೀರು ಖಾಲಿ ಮಾಡುವ ದಿನಗಳಲ್ಲಿ ವಿಚಾರಿಸುತ್ತಿರಿ. ಹಬ್ಬ ಕಳೆದ ವಾರಗಳಲ್ಲಿ ಆ ಬಟ್ಟೆ ಸಂತೆಗೂ ಬರುತ್ತದೆ, ಪುಟಗಳಿಗೂ ಏರುತ್ತದೆ; ಮದುವೆ ಸುಗ್ಗಿ ತೊಡಗುವ ಮೊದಲು ಸೀರೆ ನೋಡಿಟ್ಟುಕೊಂಡರೆ ಫಾಲ್ ಬದಲಿಸಲು, ಕುಚ್ಚು ಕಟ್ಟಿಸಲು, ರವಿಕೆ ಹೊಲಿಸಲು ಟೈಲರ್ ಹತ್ತಿರ ಸಮಯ ಸಿಗುತ್ತದೆ.